ಹಿತ್ತಿಲ ಕೊಳಕ್ಕೆ ಯಾವ ಕಲ್ಲು?

ಕುಮಟೆಯ ನಮ್ಮ ಮನೆಯ ಹಿತ್ತಿಲಿನಲ್ಲಿ, ಬಾವಿಕಟ್ಟೆಗೂ ಬಾಳೆಗಿಡಗಳಿಗೂ ನಡುವೆ ಎಂಟಡಿ ಉದ್ದದ ಕೊಳವೊಂದನ್ನು ತೋಡಿಸಿದಾಗ, ಅದರ ತಳಕ್ಕೆ ಬಿಳಿಯ ಅಮೃತಶಿಲೆಯ ಚೂರುಗಳನ್ನು ಹಾಸಬೇಕೆಂಬ ಆಸೆ ನನಗಿತ್ತು. ಮಾದರಿಗೆಂದು ತಂದ ಒಂದು ಚೂರಿನ ಮೇಲೆ ಅಡುಗೆಮನೆಯ ವಿನೆಗರನ್ನು ನಾಲ್ಕು ಹನಿ ಬಿಟ್ಟು ನೋಡಿದೆ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಲ್ಲಿನ ಮೈಯಿಂದ ಎದ್ದು ಹನಿಯ ಅಂಚಿನಲ್ಲಿ ನೊರೆಗಟ್ಟಿದವು. ಆಸೆ ಅಲ್ಲಿಗೇ ಮುಗಿಯಿತು.

ಗುಳ್ಳೆ ಬಂದರೆ ಕಲ್ಲಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆಯೆಂದು ತಿಳಿಯಬೇಕು. ಅಮೃತಶಿಲೆ, ಸುಣ್ಣಕಲ್ಲು, ನಮ್ಮ ಅಘನಾಶಿನಿ ಅಳಿವೆಯಲ್ಲಿ ಸಿಗುವ ಬಳಚು ಎಂಬ ಮೃದ್ವಂಗಿಯ ಚಿಪ್ಪು, ಎಲ್ಲವೂ ಇದೇ ಜಾತಿಯವು. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾದ ಮಳೆನೀರು ಇವನ್ನು ನಿಧಾನವಾಗಿ ಕರಗಿಸುತ್ತದೆ. ಯಾಣದ ಸುಣ್ಣಕಲ್ಲಿನ ಬಂಡೆಗಳಲ್ಲಿ ಗುಹೆ ಕೊರೆದದ್ದೂ ಇದೇ ಕ್ರಿಯೆ. ಕೊಳದಲ್ಲಾದರೆ ನೀರಿನ ಗಡಸುತನವೂ ಪಿಎಚ್ ಮಟ್ಟವೂ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆ) ಏರುತ್ತವೆ. ಮೀನು ಹೊರಹಾಕುವ ಅಮೋನಿಯಾದಲ್ಲಿ ವಿಷಕಾರಿಯಾದ ಭಾಗವು ಪಿಎಚ್ 7ರಿಂದ 8ಕ್ಕೆ ಏರಿದಾಗ ಸುಮಾರು 10 ಪಟ್ಟು ಹೆಚ್ಚುವುದರಿಂದ, ಈ ಏರಿಕೆಯನ್ನು ಲಘುವಾಗಿ ಕಾಣುವಂತಿಲ್ಲ.

ಹಾಗೆಂದು ಸುಣ್ಣವನ್ನು ಪೂರ್ತಿ ದೂರವಿಡಬೇಕೆಂದಲ್ಲ. ಚಿರೆಕಲ್ಲಿನ (ಕೆಂಪು ಮುರಕಲ್ಲಿನ) ನೆಲದ ನಮ್ಮ ಬಾವಿಯ ನೀರು ಬಹಳ ಮೆದು. ಪಾಚಿ ಹೆಚ್ಚಿದ ಮೆದುನೀರಿನಲ್ಲಿ ಪಿಎಚ್ ಬೆಳಗ್ಗೆ ಒಂದು, ಸಂಜೆ ಒಂದು ಎಂಬಂತೆ ಹೊಯ್ದಾಡುತ್ತದೆ. ತುಸು ಸುಣ್ಣ ಕರಗಿದರೆ ಈ ಹೊಯ್ದಾಟ ತಗ್ಗುತ್ತದೆ. ಆದುದರಿಂದ ಒಂದು ಹಿಡಿ ಬಳಚಿನ ಚಿಪ್ಪನ್ನು ತೊಳೆದು, ಬೇಕೆಂದಾಗ ತೆಗೆಯಲು ಬರುವಂತೆ ಬಲೆಚೀಲದಲ್ಲಿ ಇಳಿಬಿಟ್ಟಿದ್ದೇನೆ.

ಮನೆಗೂ ಬಾವಿಗೂ ಕಾಂಪೌಂಡಿಗೂ ಒದಗುವ ಚಿರೆಕಲ್ಲನ್ನೇ ಕೊಳಕ್ಕೂ ಹಾಕಬಾರದೇಕೆ ಎಂದು ಅತ್ತೆಯವರು ಕೇಳಿದ್ದರು. ಅದರಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂಗಳ ಆಕ್ಸೈಡುಗಳು ಪಾಚಿಗೆ ಆಹಾರವಾದ ಫಾಸ್ಫೇಟನ್ನು ಹಿಡಿದಿಡುತ್ತವೆ, ಅದು ನಿಜವೇ. ಆದರೆ ಹೊಸದಾಗಿ ಕಡಿದ ಕಲ್ಲು ಎಷ್ಟು ತೊಳೆದರೂ ಕೆಂಪು ರಾಡಿ ಬಿಡುತ್ತದೆ. ನಾನು ಅದನ್ನು ಹೊರಸುತ್ತಿಗೆ ಮಾತ್ರ ಬಳಸಿ, ನೀರಿನೊಳಗೆ ಶಿಲೆಕಲ್ಲನ್ನು (ಗ್ರಾನೈಟ್) ಇಟ್ಟೆ. ಅದು ನೀರಿಗೆ ಹೆಚ್ಚುಕಡಿಮೆ ಏನನ್ನೂ ಬಿಡುವುದಿಲ್ಲ. ಪಾಲಿಶ್ ಮಾಡಿದ್ದಕ್ಕಿಂತ ಒರಟು ಮೈಯದ್ದೇ ಒಳ್ಳೆಯದು, ಏಕೆಂದರೆ ಅಮೋನಿಯಾವನ್ನು ನೈಟ್ರೇಟಾಗಿಸುವ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗ ಬೇಕು. ಚೂಪು ಅಂಚು ಕೊಳದ ತಳದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಕಲ್ಲಿನ ಕೆಳಗೆ ಹಳೆಯ ಗೋಣಿಚೀಲ ಹಾಸಿದ್ದೇನೆ.

ಇಷ್ಟೆಲ್ಲ ಯೋಚಿಸಿದವನು ಎಡವಿದ್ದು ಸಿಮೆಂಟಿನಲ್ಲಿ. ಅಂಚಿನ ಕಲ್ಲುಗಳ ಸಂದಿಗೆ ಮೇಸ್ತ್ರಿ ತುಂಬಿದ ಹೊಸ ಸಿಮೆಂಟಿನ ಸುಣ್ಣ ನೀರಿಗಿಳಿದು ಪಿಎಚ್ ಏರಿಸುತ್ತಿರುವುದನ್ನು ಅರಿಯದೆ, ಮೂರನೆಯ ದಿನವೇ ಹತ್ತು ಗಪ್ಪಿ ಮೀನುಗಳನ್ನು ಬಿಟ್ಟೆ. ಮರುದಿನ ಬೆಳಗ್ಗೆ ಎಂಟು ತೇಲುತ್ತಿದ್ದವು. ಉಳಿದೆರಡನ್ನು ಬಾವಿನೀರಿನ ಬಕೆಟ್ಟಿಗೆ ಹಾಕಿ, ವಾರಕ್ಕೊಮ್ಮೆ ಕೊಳ ತುಂಬಿಸಿ ಖಾಲಿ ಮಾಡುತ್ತ ಬಂದೆ. ನಾಲ್ಕನೆಯ ಸಲ ಪಿಎಚ್ ಪರೀಕ್ಷಾ ಪಟ್ಟಿಯ ಬಣ್ಣ 8ಕ್ಕಿಂತ ಕೆಳಗಿಳಿದ ಮೇಲೆಯೇ ಅವನ್ನು ಮತ್ತೆ ಬಿಟ್ಟದ್ದು.