ಮುಂದಿನ ಆಕ್ಸಲ್ ಶಾಫ್ಟ್ ಎಳೆಯುವಾಗ ಒಳಗಿನ ಸೀಲ್ ಮೇಲೆ ಗಮನವಿರಲಿ

ಫೋರ್ ವೀಲ್ ಡ್ರೈವ್ ಟ್ರಕ್ಕಿನ ಮುಂದಿನ ಆಕ್ಸಲ್ ಶಾಫ್ಟ್ (ನಡುವಿನ ಡಿಫರೆನ್ಷಿಯಲ್ ಎಂಬ ಗೇರ್ ಜೋಡಣೆಯಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಎಳೆಯುವುದು ಎರಡು ನಿಮಿಷದ ಕೆಲಸ. ಅದಕ್ಕೂ ಮೊದಲು ಚಕ್ರ ಕೂರುವ ಹಬ್ ಬಿಡಿಸುವುದರಲ್ಲೇ ಅರ್ಧ ದಿನ ಹೋಗಬಹುದು. ಬೇರಿಂಗ್ ಸಮೇತ ಒಂದೇ ತುಂಡಾಗಿ ಬರುವ ಹಬ್ ಇರುವ ಗಟ್ಟಿ ಆಕ್ಸಲ್ (ಎರಡೂ ಚಕ್ರಗಳ ನಡುವೆ ಒಂದೇ ಗಟ್ಟಿ ಕವಚ) ಗಾಡಿಗಳಿಗೆ ಈ ಕ್ರಮ. ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇದ್ದರೆ ದಾರಿಯೇ ಬೇರೆ.

ಆಕ್ಸಲ್ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ಒಬ್ಬರು ಬ್ರೇಕ್ ಒತ್ತಿ ಹಿಡಿದಿರಲಿ, ಇನ್ನೊಬ್ಬರು ಕಾಟರ್ ಪಿನ್ (ನಟ್ ಸಡಿಲವಾಗದಂತೆ ತಡೆಯುವ ಕಡ್ಡಿ) ತೆಗೆದು ಹಬ್ಬಿನ ನಡುವೆ ಶಾಫ್ಟಿನ ತುದಿಯಲ್ಲಿರುವ ನಟ್ ಬಿಚ್ಚಲಿ. ಬೇರಿಂಗನ್ನು ಬಿಗಿಯಾಗಿ ಹಿಡಿದಿಡುವುದೇ ಈ ನಟ್. ಅದು ಸಡಿಲವಿರುವಾಗ ಗಾಡಿಯ ಭಾರ ಚಕ್ರದ ಮೇಲೆ ಬಿದ್ದರೆ ಬೇರಿಂಗ್ ಹಾಳು. ಆಮೇಲೆ ಚಕ್ರ, ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಭಾಗ), ಡಿಸ್ಕ್ ತೆಗೆಯಿರಿ. ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಹೋಸಿನಲ್ಲಿ ನೇತಾಡಿಸಬೇಡಿ. ಎಬಿಎಸ್ ವೈರಿನ ಕನೆಕ್ಟರ್ ಈಗಲೇ ಬಿಚ್ಚಿಡಿ, ಹಬ್ ಹೊರಬರುವಾಗ ಅದು ಹರಿಯುವುದು ಬಹಳ ಸಾಮಾನ್ಯ.

ಹಬ್ಬಿನ ಮೂರೋ ನಾಲ್ಕೋ ಬೋಲ್ಟುಗಳು ನಕಲ್ (ಸ್ಟೀರಿಂಗ್ ಜೊತೆ ತಿರುಗುವ, ಹಬ್ಬನ್ನು ಹೊತ್ತ ತುಂಡು) ಹಿಂದಿನಿಂದ ಬಂದಿರುತ್ತವೆ. ಹಲವು ಗಾಡಿಗಳಲ್ಲಿ ಇವುಗಳ ತಲೆಗೆ ಹನ್ನೆರಡು ಮೂಲೆ. ಅದೇ ಅಳತೆಯ ಹನ್ನೆರಡು ಮೂಲೆಯ ಸಾಕೆಟ್ಟನ್ನು ಪೂರ್ತಿ ಒಳಗೆ ಕೂರಿಸದೆ ಜೋರು ಹಾಕಿದರೆ ಮೂಲೆ ಸವೆದು ದೊಡ್ಡ ರಗಳೆ ಶುರುವಾಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಬೋಲ್ಟ್ ಸಡಿಲವಾದರೂ ತುಕ್ಕಿನಿಂದಾಗಿ ಹಬ್ ನಕಲ್‌ನಲ್ಲಿ ಕಚ್ಚಿಕೊಂಡೇ ಇರುತ್ತದೆ. ಆಗ ಒಂದು ಬೋಲ್ಟನ್ನು ಐದಾರು ಮಿಲಿಮೀಟರ್ ಹೊರಬಿಟ್ಟು, ತಲೆಗೆ ಸಾಕೆಟ್ ಮತ್ತು ಎಕ್ಸ್‌ಟೆನ್ಷನ್ ಹಾಕಿ, ಅದರ ಇನ್ನೊಂದು ತುದಿಯನ್ನು ಆಕ್ಸಲ್ ಹೌಸಿಂಗಿಗೆ, ಅಂದರೆ ಶಾಫ್ಟಿನ ಹೊರಕವಚಕ್ಕೆ, ಆನಿಸಿ. ಇಂಜಿನ್ ಚಾಲೂ ಮಾಡಿ ಸ್ಟೀರಿಂಗ್ ನಿಧಾನವಾಗಿ ತಿರುಗಿಸಿದರೆ ಪವರ್ ಸ್ಟೀರಿಂಗಿನ ಒತ್ತಡವೇ ಹಬ್ ತಳ್ಳುತ್ತದೆ. ಸ್ವಲ್ಪ ಸರಿದ ಕೂಡಲೇ ಎದುರು ಬದಿಯ ಬೋಲ್ಟಿಗೆ ಬದಲಿಸಿ, ಇಲ್ಲವಾದರೆ ಹಬ್ ಓರೆಯಾಗಿ ಮತ್ತಷ್ಟು ಬಿಗಿಯುತ್ತದೆ. ಎಕ್ಸ್‌ಟೆನ್ಷನ್ ಚಿಮ್ಮಬಹುದು, ಕೈ ಮುಖ ದೂರವಿರಲಿ. ಹಬ್ಬಿನ ಅಂಚಿಗೆ ಸುತ್ತಿಗೆಯಿಂದ ಬಡಿದು ತೆಗೆದ ಬೇರಿಂಗನ್ನು ಮರಳಿ ಹಾಕಬಾರದು ಎಂಬುದು ನಮ್ಮ ನಿಯಮ.

ಇನ್ನು ಶಾಫ್ಟ್. ಎಳೆಯುವ ಮುನ್ನ ಶಾಫ್ಟ್ ಹೊರಬರುವ ಆಕ್ಸಲ್ ಟ್ಯೂಬಿನ ಬಾಯಿಯಲ್ಲಿ ಕೂತ ಮಣ್ಣು ತೆಗೆಯಿರಿ, ಕೆಳಗೆ ಎಣ್ಣೆಗೊಂದು ತಟ್ಟೆ ಇಡಿ. ಶಾಫ್ಟ್ ಮಡಚಿಕೊಳ್ಳುವ ಕ್ರಾಸ್ ಜಾಯಿಂಟಿನ ಕೆಳಗೆ ಒಂದು ಕೈ ಕೊಟ್ಟು ಭಾರ ಎತ್ತಿ ಹಿಡಿದು ನೇರವಾಗಿ ಎಳೆಯಿರಿ. ಹಲವು ಆಕ್ಸಲ್‌ಗಳಲ್ಲಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್ ಟ್ಯೂಬಿನ ಹೊರತುದಿಯಲ್ಲಿಲ್ಲ, ಒಳಗೆ ಡಿಫರೆನ್ಷಿಯಲ್ ಪಕ್ಕದಲ್ಲಿದೆ. ಶಾಫ್ಟ್ ಜೋತುಬಿದ್ದರೆ ಅದರ ತುದಿಯ ಸ್ಪ್ಲೈನಿನ ಹಲ್ಲುಗಳು ಸೀಲಿನ ತುಟಿಯನ್ನು ಗೀರುತ್ತವೆ. ಆ ಒಂದು ಸೀಲ್ ಬದಲಿಸಲು ಡಿಫರೆನ್ಷಿಯಲ್ಲನ್ನೇ ಹೊರತೆಗೆಯಬೇಕು. ವ್ಯಾಕ್ಯೂಮಿನಿಂದ ಫೋರ್ ವೀಲ್ ಜೋಡಿಸುವ ಕೆಲವು ಆಕ್ಸಲ್‌ಗಳಲ್ಲಿ ಒಂದು ಬದಿಯ ಶಾಫ್ಟ್ ಎರಡು ತುಂಡು, ಹೊರಗಿನದಷ್ಟೇ ಕೈಗೆ ಬರುತ್ತದೆ.

ಹೊರಬಂದ ಕ್ರಾಸ್ ಜಾಯಿಂಟನ್ನು ಎಲ್ಲ ದಿಕ್ಕಿಗೂ ಮಡಚಿ ನೋಡಿ. ಎಲ್ಲಾದರೂ ತಡೆದರೆ, ಜಾಯಿಂಟಿನ ತುದಿಯ ಮುಚ್ಚಳದ (ಕಪ್) ಸುತ್ತ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿದೆ, ಜಾಯಿಂಟ್ ಬದಲಿಸಿ.

ಮರಳಿ ಹಾಕುವಾಗಲೂ ಶಾಫ್ಟಿನ ಭಾರ ಕೈಯಲ್ಲೇ ಇರಲಿ. ಸೀಲ್ ದಾಟಿದ ಮೇಲೆ ಶಾಫ್ಟನ್ನು ಮೆಲ್ಲಗೆ ತಿರುಗಿಸಿದರೆ ಹಲ್ಲು ಕೂಡಿಕೊಳ್ಳುತ್ತದೆ, ತಳ್ಳುವ ಅಗತ್ಯವಿಲ್ಲ. ಹಬ್ ಕೂರುವ ಜಾಗವನ್ನು ಎಮರಿಯಿಂದ ಉಜ್ಜಿ ತೆಳುವಾಗಿ ಗ್ರೀಸ್ ಸವರಿ. ಡಸ್ಟ್ ಶೀಲ್ಡ್ ಮೊದಲಿನ ದಿಕ್ಕಿನಲ್ಲೇ ಕೂರಲಿ. ಹಬ್ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ. ನಡುವಿನ ನಟ್ಟಿಗೆ ಆ ಗಾಡಿಯ ಮ್ಯಾನ್ಯುಯಲ್ ಹೇಳಿದ ಟಾರ್ಕ್ ಕೊಟ್ಟು, ಹೊಸ ಕಾಟರ್ ಪಿನ್ ಹಾಕಿದ ಮೇಲಷ್ಟೇ ಗಾಡಿ ಇಳಿಸಿ. ಕೊನೆಗೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಡಿಫರೆನ್ಷಿಯಲ್ ಎಣ್ಣೆಯ ಮಟ್ಟ ನೋಡಿ, ತಟ್ಟೆಗೆ ಸುರಿದಷ್ಟು ತುಂಬಿಸಿ.