ಗೊತ್ತಿದ್ದದ್ದನ್ನೇ ಬರೆದರು ಎನ್ನುವವರಿಗೆ

ಹಾಸನದಲ್ಲಿ ಸಮಾಜಶಾಸ್ತ್ರ ಕಲಿಸುವ ನನ್ನನ್ನು ಜನ ಮತ್ತೆ ಮತ್ತೆ ಕೇಳುವುದು ಇದೊಂದೇ: 'ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಎಂದು ಅಷ್ಟು ಹೊಗಳುತ್ತೀರಲ್ಲ, ಹಳ್ಳಿಯ ಜಾತಿಯ ಬಗ್ಗೆ ನಮಗೆ ಗೊತ್ತಿಲ್ಲದ್ದನ್ನು ಅವರೇನು ಬರೆದರು?' ಬಾಯಿಮಾತಿನಲ್ಲಿ ಹೇಳಿ ಸಾಕಾಗಿದೆ.

ಗೊತ್ತಿತ್ತು, ಒಪ್ಪಿದೆ. ಗೊತ್ತಿದ್ದದ್ದಕ್ಕೆ ಹೆಸರಿತ್ತೇ?

ಕಳೆದ ವರ್ಷ ಆಲೂರಿನ ಕಡೆ ಒಂದು ಬೀಗರ ಊಟ. ಎಲೆಯ ಮುಂದೆ ಕುಳಿತ ದೊಡ್ಡಪ್ಪ ಇದೇ ಪ್ರಶ್ನೆ ಎತ್ತಿದರು. ಎತ್ತಿದವರು ಅಷ್ಟರಲ್ಲೇ ಪಂಚಾಯಿತಿ ಚುನಾವಣೆಗೆ ಹೊರಳಿ, 'ಆ ಬೀದಿ ಪೂರ್ತಿ ಅವರ ವೋಟ್ ಬ್ಯಾಂಕ್ ಅಲ್ಲವೇನಯ್ಯ' ಎಂದರು. ದೊಡ್ಡಪ್ಪ, ಆ ಮಾತು ಶ್ರೀನಿವಾಸರದು! 1950ರ ದಶಕದಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರ ಬಗ್ಗೆ ಬರೆಯುವಾಗ ಬಳಸಿದ್ದು. 'ಪ್ರಬಲ ಜಾತಿ' ಎಂಬ ಮಾತೂ ಅವರದೇ. ಗ್ರಂಥಗಳಲ್ಲಿ ನಾಲ್ಕು ವರ್ಣ. ಊರಿನಲ್ಲಿ ಹತ್ತಾರು ಜಾತಿ, ಯಾರು ಮೇಲು ಎಂಬುದಕ್ಕೆ ಮುಗಿಯದ ಜಗಳ. ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದವರು ಗ್ರಂಥ ಮಡಚಿಟ್ಟು ಗದ್ದೆಯ ಬದುವಿಗೆ ಹೋದರು. ತಲೆಯೆಣಿಕೆ, ಜಮೀನು, ಅಧಿಕಾರ ಒಟ್ಟಾದರೆ ಆಚಾರದಲ್ಲಿ ಎಲ್ಲರಿಗಿಂತ ಮೇಲಲ್ಲದ ಜಾತಿಯೂ ಊರನ್ನು ಆಳುತ್ತದೆ ಎಂದು ತೋರಿಸಿದರು. ಎಲೆಯ ಮೇಲಿನ ಮುದ್ದೆ ಆರಿ ಕಲ್ಲಾಗುವವರೆಗೂ ವಾದಿಸಿದೆ.

ಅವರನ್ನು ಪ್ರಶ್ನಿಸಬೇಡಿ ಎನ್ನುತ್ತಿಲ್ಲ. ಇನ್ನೂ ಗಟ್ಟಿಯಾಗಿ ಪ್ರಶ್ನಿಸಿ. 1948ರಲ್ಲಿ ಅವರು ನೆಲೆಸಿದ ಹಳ್ಳಿಗೆ ಬರಹದಲ್ಲಿ 'ರಾಂಪುರ' ಎಂದು ಹೆಸರಿಟ್ಟರು. 1970ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಯಲ್ಲಿ, ಆ ಹಳ್ಳಿಯ ಬಗ್ಗೆ ವರ್ಷಗಟ್ಟಲೆ ಕೂತು ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟವು. ಬಹುಪಾಲು ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಬಂತು. ತಮಗೆ ದಕ್ಕಿದ್ದು ಮೇಲುಜಾತಿಯವರ ಕಣ್ಣಿಗೆ ಕಂಡ ಹಳ್ಳಿ ಎಂದು ಅದರಲ್ಲಿ ಅವರೇ ಒಪ್ಪಿಕೊಂಡರು. ಹಾಗಾದರೆ ಕೇರಿಯಲ್ಲಿ ಮನೆ ಮಾಡಿದ್ದರೆ ಯಾವ ರಾಂಪುರ ಕಾಣುತ್ತಿತ್ತು? ಇದನ್ನು ಕೇಳಿ, ಬೆಳಗಿನವರೆಗೆ ಕುಳಿತು ಮಾತನಾಡುತ್ತೇನೆ.

ಆ ಬೀಗರ ಊಟದಲ್ಲಿ ಯಾರೂ ಯಾರಿಗೂ ಜಾಗ ತೋರಿಸಲಿಲ್ಲ. ತಮಟೆ ಬಡಿದವರು ಮಾತ್ರ ಕೊನೆಯ ಪಂಕ್ತಿಯವರೆಗೂ ಬೇಲಿಯ ಪಕ್ಕದಲ್ಲೇ ನಿಂತಿದ್ದರು. ಎಲ್ಲ ಗೊತ್ತಿದ್ದದ್ದೇ ಎಂದಿರಲ್ಲ ದೊಡ್ಡಪ್ಪ, ಅವರೇಕೆ ನಿಂತಿದ್ದಾರೆ ಎಂದು ನೀವೂ ಕೇಳಲಿಲ್ಲ, ಅಷ್ಟು ಹೊತ್ತು ವಾದಿಸಿದ ನಾನೂ ಕೇಳಲಿಲ್ಲ.