ತಾಳಮದ್ದಳೆ ಡೆಸ್ಕ್‌ಟಾಪ್, ಭಾಗ 3: ರ‍್ಯಾಮ್ ಜೋಡಿಯ ರಗಳೆ

ಡಿಸೆಂಬರ್ 14, 2025, ಭಾನುವಾರ

ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳಿಂದ ಇಳಿಸಿದ ಫೈಲುಗಳಿಗಾಗಿ ನಾನೇ ಒಂದು ಡೆಸ್ಕ್‌ಟಾಪ್ ಜೋಡಿಸುತ್ತಿದ್ದೇನೆ. ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು (ಕರೆಂಟು ಕೊಡುವ ಪೆಟ್ಟಿಗೆ), ಮದರ್‌ಬೋರ್ಡು, ಪ್ರೊಸೆಸರ್ ಎಲ್ಲ ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಕೂತು ಹತ್ತು ದಿನ ಆಯಿತು. ಅಮ್ಮನದ್ದು ದಿನಾ ಒಂದೇ ಮಾತು: "ಇದನ್ನು ಯಾವಾಗ ತೆಗೆಯುವುದು ಮಾರಾಯ, ಬಟ್ಟಲು ಇಡಲಿಕ್ಕೆ ಜಾಗ ಇಲ್ಲ." ಬಾಕಿ ಇರುವುದು ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ಮೆಮೊರಿ, ಅಂದರೆ ರ‍್ಯಾಮ್ ಮಾತ್ರ.

ಬೋರ್ಡು ಬಿ550, ಪ್ರೊಸೆಸರ್ ರೈಜೆನ್ 5 5600ಜಿ. ಎರಡೂ ಎಎಂ4 ಸಾಕೆಟ್ಟಿನ (ಪ್ರೊಸೆಸರ್ ಕೂರುವ ಜಾಗ) ಕಾಲದವು. ಹಾಗಾಗಿ ಡಿಡಿಆರ್4 ಎಂಬ ತಲೆಮಾರಿನ ಮೆಮೊರಿ ಬಿಟ್ಟು ಬೇರೆ ದಾರಿ ಇಲ್ಲ. ಅಕ್ಕನ ಮಗ ಒಪ್ಪಲಿಲ್ಲ. ತನ್ನ ಹತ್ತಿರ ಇದ್ದ, ಮುಂದಿನ ತಲೆಮಾರಿನ ಡಿಡಿಆರ್5 ಸ್ಟಿಕ್ ಹಿಡಿದುಕೊಂಡು ಬಂದ. "ಮಾಮ, ಇದಕ್ಕೂ 288 ಪಿನ್, ನಿಮ್ಮ ಬೋರ್ಡಿಗೂ 288. ಹಾಕಿ ನೋಡುವ." ಲೆಕ್ಕ ಸರಿಯೇ. ಆದರೆ ಕೆಳಗಿನ ಕಚ್ಚು ಇರುವ ಜಾಗ ಬೇರೆ. ಬೋರ್ಡಿನ ಪಕ್ಕ ಹಿಡಿದು ತೋರಿಸಿದೆ, ಕೆಲವೇ ಮಿಲಿಮೀಟರ್ ಆಚೀಚೆ. ಬಲವಂತ ಮಾಡಿದರೆ ಮುರಿಯುವುದು ಸ್ಲಾಟು. ಕರೆಂಟಿನ ವ್ಯವಸ್ಥೆಯೂ ಬೇರೆ: ಡಿಡಿಆರ್4ಕ್ಕೆ 1.2 ವೋಲ್ಟು, ಡಿಡಿಆರ್5ಕ್ಕೆ 1.1. ಡಿಡಿಆರ್5ರಲ್ಲಿ ವೋಲ್ಟೇಜ್ ಹದ ಮಾಡುವ ಚಿಪ್ಪು ಸ್ಟಿಕ್ಕಿನ ಮೇಲೆಯೇ ಇರುತ್ತದೆ.

ಇದಕ್ಕಿಂತ ದೊಡ್ಡ ಗುಂಡಿ ಸರ್ವರ್‌ಗಳಿಂದ ತೆಗೆದ ರಿಜಿಸ್ಟರ್ಡ್ ರ‍್ಯಾಮ್. ಅಗ್ಗಕ್ಕೆ ಸಿಗುತ್ತದೆ. ಡಿಡಿಆರ್4 ಎಂದೇ ಬರೆದಿರುತ್ತದೆ, ಸ್ಲಾಟಿಗೂ ಸರಿಯಾಗಿ ಕೂರುತ್ತದೆ. ಆದರೆ ನಮ್ಮಂಥ ಬೋರ್ಡಿನಲ್ಲಿ ಮೆಷಿನ್ ಏಳುವುದೇ ಇಲ್ಲ.

ಬೆಲೆಯ ಬಗ್ಗೆ ಏನು ಹೇಳುವುದು? ಎಐ ಡೇಟಾ ಸೆಂಟರ್‌ಗಳು ಚಿಪ್ಪುಗಳನ್ನೆಲ್ಲ ಎತ್ತಿಕೊಳ್ಳುತ್ತಿವೆ, ನಾವು ಬಾಯಿ ಬಿಟ್ಟು ನೋಡುತ್ತಿದ್ದೇವೆ. ಈ ತಿಂಗಳ ಮೊದಲ ವಾರ ಮೆಮೊರಿ ಚಿಪ್ಪು ಮಾಡುವ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಕಾದರೆ ಇಳಿಯುತ್ತದೆ ಎಂಬ ನಂಬಿಕೆ ನನಗಂತೂ ಇಲ್ಲ.

ಡಿಸೆಂಬರ್ 20, ಶನಿವಾರ

ಎಷ್ಟು ಸ್ಪೀಡಿನದ್ದು ಬೇಕು ಎಂದು ಕೂತು ಲೆಕ್ಕ ಹಾಕಿದೆ. ಬೋರ್ಡಿನ ಪೆಟ್ಟಿಗೆ ಮೇಲೆ ನಾಲ್ಕು ಸಾವಿರದ ಮೇಲಿನ ಸಂಖ್ಯೆ ದೊಡ್ಡದಾಗಿ ಉಂಟು. ಪಕ್ಕದಲ್ಲಿ ಸಣ್ಣಕ್ಕೆ "ಓಸಿ". ಅಂದರೆ ಓವರ್‌ಕ್ಲಾಕ್ ಮಾಡಿ (ನಿಗದಿಗಿಂತ ಹೆಚ್ಚು ಸ್ಪೀಡಿನಲ್ಲಿ ಓಡಿಸಿ), ಅದೃಷ್ಟ ಇದ್ದರೆ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೆ. 5600ಜಿಗೆ ಅದನ್ನು ಮಾಡಿದ ಎಎಂಡಿ ಹೇಳುವ ಸ್ಪೀಡು 3200 (ಸೆಕೆಂಡಿಗೆ ಇಷ್ಟು ಮಿಲಿಯನ್ ಸಲ ಡೇಟಾ ಸಾಗಣೆ). ನಾನು ಅದನ್ನೇ ಹಿಡಿದುಕೊಂಡೆ.

ಮತ್ತೆ ಈ ಸಿಎಲ್, ಅಂದರೆ ಕೇಳಿದ ಡೇಟಾ ಕೊಡಲು ಮೆಮೊರಿ ತೆಗೆದುಕೊಳ್ಳುವ ಪೆಟ್ಟುಗಳ ಲೆಕ್ಕ. 3200 ಸಿಎಲ್16 ಒಳ್ಳೆಯದಾ, 3600 ಸಿಎಲ್18 ಒಳ್ಳೆಯದಾ? ತಾಳದ ಪೆಟ್ಟಿನ ಹಾಗೆ ನೋಡಿದರೆ ಸುಲಭ. ಲಯ ಏರಿಸಿ ಹದಿನೆಂಟು ಪೆಟ್ಟು ಹಾಕಿದರೂ, ಸ್ವಲ್ಪ ನಿಧಾನಕ್ಕೆ ಹದಿನಾರು ಹಾಕಿದರೂ ಹಿಡಿಯುವ ಹೊತ್ತು ಒಂದೇ ಆಗಬಹುದು. ಸಿಎಲ್ ಸಂಖ್ಯೆಯನ್ನು 2000ದಿಂದ ಗುಣಿಸಿ ಸ್ಪೀಡಿನಿಂದ ಭಾಗಿಸಿದರೆ ನ್ಯಾನೋಸೆಕೆಂಡ್ ಸಿಗುತ್ತದೆ. ಎರಡಕ್ಕೂ ಸರಿಯಾಗಿ 10. ಅದೇ 3200 ಸಿಎಲ್22 ಆದರೆ 13.75. ಅಂಗಡಿಯಲ್ಲಿ "3200" ಎಂದಷ್ಟೇ ಕೇಳಿದರೆ ಹೆಚ್ಚಾಗಿ ಕೈಗೆ ಬರುವುದು ಈ ಸಿಎಲ್22.

ಎರಡು ಸ್ಟಿಕ್ ಬೇಕೇ ಬೇಕು. ಒಂದು ಸ್ಟಿಕ್ಕಿಗೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ, ಎರಡು ಚಾನೆಲ್ (ಡೇಟಾ ಹೋಗುವ ದಾರಿ) ಆದರೆ 51.2. ನನ್ನದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರಿನ ಒಳಗಿನ ಗ್ರಾಫಿಕ್ಸೂ ಇದೇ ಬಾವಿಯಿಂದ ಸೇದಬೇಕು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ನೋಡಿ. ಮಣಿಪಾಲದಲ್ಲಿ ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬ 16 ಜಿಬಿಯ ಒಂದು ಸ್ಟಿಕ್ ಮಾರುತ್ತಿದ್ದ. 3200, ಸಿಎಲ್16, ಒಳ್ಳೆಯ ರೇಟು. ತಗೊಂಡೆ. ಅದೇ ಕಂಪನಿಯ, ಅದೇ ಸಂಖ್ಯೆ ಬರೆದ ಇನ್ನೊಂದು ಹೊಸ ಸ್ಟಿಕ್ ತರಲು ಎಕ್ಸ್‌ಪ್ರೆಸ್ ಬಸ್ ಹತ್ತಿ ಮಂಗಳೂರಿಗೆ ಹೋದೆ. ಹಂಪನಕಟ್ಟೆ ಹತ್ತಿರದ ಅಂಗಡಿಯವರು ಕೇಳಿದರು, "ಜೋಡಿ ಕಿಟ್ ಉಂಟು, ಅದು ಬೇಡವಾ ಮಾರಾಯ್ರೆ?" ಒಂದು ಮನೆಯಲ್ಲಿ ಉಂಟು ಎಂದೆ. ಅವರು ಮತ್ತೆ ಏನೂ ಹೇಳಲಿಲ್ಲ. ಬಿಲ್ ಮಾತ್ರ ಜೋಪಾನ ಇಟ್ಟುಕೊಳ್ಳಲಿಕ್ಕೆ ಹೇಳಿದರು.

ಡಿಸೆಂಬರ್ 27, ಶನಿವಾರ

ಮೆಷಿನ್ ಎದ್ದಿತು! ಪ್ರೊಸೆಸರಿನ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್, ಅಂದರೆ ಎ2, ಬಿ2. ಮೊದಲು ಬರಿಯ 2666ರಲ್ಲಿ ಓಡಿತು. ಇದು ಕೆಟ್ಟದ್ದೇನಲ್ಲ, ಎಲ್ಲ ಸ್ಟಿಕ್ಕೂ ಶುರುವಿಗೆ ಸುರಕ್ಷಿತ ಸ್ಪೀಡಿನಲ್ಲಿಯೇ ಏಳುತ್ತದೆ. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಎಕ್ಸ್‌ಎಂಪಿ (ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ಸ್ಪೀಡಿನ ಸೆಟ್ಟಿಂಗ್) ಆನ್ ಮಾಡಿದರೆ ಮಾತ್ರ 1.35 ವೋಲ್ಟು, 3200, ಸಿಎಲ್16. ಆನ್ ಮಾಡಿದೆ. ವಿಂಡೋಸ್ ತೆರೆಯಿತು, ಎಲ್ಲ ಚಂದ. ಅಮ್ಮನಿಗೆ ಮೇಜು ವಾಪಸ್ ಸಿಕ್ಕಿತು.

ಡಿಸೆಂಬರ್ 30

ಚಂದ ಅಲ್ಲ. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿದ ಒಂದು ದೊಡ್ಡ ಫೈಲನ್ನು ಎರಡು ಸಲ ಕಾಪಿ ಮಾಡಿ ಚೆಕ್‌ಸಮ್ (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ಹೋಲಿಸಿದೆ. ಎರಡೂ ಬೇರೆ ಬೇರೆ. ನನಗೆ ಬೆವರು ಬಂತು. ಕಂಪ್ಯೂಟರ್ ನಿಂತುಹೋದರೆ ಗೊತ್ತಾಗುತ್ತದೆ. ಇದು ಹಾಗಲ್ಲ, ಸದ್ದಿಲ್ಲದೆ ಅರ್ಥಗಾರಿಕೆಯ ನಡುವೆ ಎಲ್ಲೋ ಒಂದು ಬಿಟ್ ತಿರುಗಿಸಿ ಇಟ್ಟಿರುತ್ತದೆ. ಮೂಲ ಪ್ರತಿ ಬೇರೆ ಡಿಸ್ಕಿನಲ್ಲಿ ಇದ್ದದ್ದು ಪುಣ್ಯ.

ಮೆಮೊರಿ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ಪೆನ್‌ಡ್ರೈವಿಗೆ ಹಾಕಿ ರಾತ್ರಿ ಬಿಟ್ಟು ಮಲಗಿದೆ. ಬೆಳಿಗ್ಗೆ ಪರದೆಯಲ್ಲಿ ತಪ್ಪು ತೋರಿಸುವ ಕೆಂಪು ಸಾಲುಗಳು.

ಹಳೆಯ ಸ್ಟಿಕ್ಕಿನ ಮೇಲೆಯೇ ಅನುಮಾನ, ಅಲ್ವಾ? ನಮ್ಮ ಕರಾವಳಿಯ ತೇವಕ್ಕೆ ಕಪಾಟಿನ ಬಟ್ಟೆಯೇ ಬೂಸಲು ಹಿಡಿಯುತ್ತದೆ. ಪೆನ್ಸಿಲ್ ರಬ್ಬರಿನಿಂದ ಚಿನ್ನದ ಬಣ್ಣದ ಪಟ್ಟಿಗಳನ್ನು ಮೆಲ್ಲ ಉಜ್ಜಿ, ಪುಡಿ ಒರೆಸಿ ಹಾಕಿದೆ. ಮತ್ತೆ ಕೆಂಪು. ನಂತರ ಒಂದೊಂದನ್ನೇ ಇಟ್ಟು ಪರೀಕ್ಷೆ. ಹಳೆಯದು ಒಂದೇ ಇದ್ದಾಗ 3200ರಲ್ಲಿ ಪಾಸ್. ಹೊಸದು ಒಂದೇ, ಅದೇ ಸ್ಲಾಟಿನಲ್ಲಿ, ಅದೂ ಪಾಸ್. ಎರಡೂ ಒಟ್ಟಿಗೆ ಫೇಲ್. ಎಕ್ಸ್‌ಎಂಪಿ ಆಫ್ ಮಾಡಿ 2666ಕ್ಕೆ ಇಳಿಸಿದರೆ ಒಟ್ಟಿಗೂ ಪಾಸ್.

ಅಂದರೆ ಹಾಳಾದ ಸ್ಟಿಕ್ ಯಾವುದೂ ಇಲ್ಲ. ಟಾರ್ಚ್ ಬಿಟ್ಟು ನೋಡಿದೆ. ಹಳೆಯದರ ಎರಡೂ ಬದಿಗೆ ಎಂಟೆಂಟು ಚಿಪ್ಪು. ಹೊಸದಕ್ಕೆ ಒಂದೇ ಬದಿಗೆ ಎಂಟು. ಒಟ್ಟಿಗೆ ಕೆಲಸ ಮಾಡುವ ಚಿಪ್ಪುಗಳ ಒಂದು ಗುಂಪಿಗೆ ರ‍್ಯಾಂಕ್ ಎನ್ನುತ್ತಾರೆ. ಮೊದಲನೆಯದು ಡ್ಯುಯಲ್ ರ‍್ಯಾಂಕ್, ಎರಡನೆಯದು ಸಿಂಗಲ್ ರ‍್ಯಾಂಕ್. ಚಿಪ್ಪಿನ ಸಾಂದ್ರತೆ ಬದಲಾಗುತ್ತಾ ಹೋದ ಹಾಗೆ ಕಂಪನಿಗಳು ಒಳಗಿನದ್ದನ್ನು ಬದಲಿಸುತ್ತವೆ, ಮೇಲಿನ ಚೀಟಿಯ ದೊಡ್ಡ ಅಕ್ಷರ ಹಾಗೆಯೇ ಉಳಿಯುತ್ತದೆ. ಮಾಡೆಲ್ ನಂಬರಿನ ಕೊನೆಯ ಎರಡು ಮೂರು ಅಕ್ಷರಗಳಲ್ಲಿ ಮಾತ್ರ ವ್ಯತ್ಯಾಸ ಇತ್ತು, ನಾನು ಅಷ್ಟು ದೂರ ಓದಿರಲಿಲ್ಲ. ಎರಡೂ ಒಳ್ಳೆಯ ಮದ್ದಳೆಗಳೇ, ಶ್ರುತಿ ಬೇರೆ. ಮಿಶ್ರ ಜೋಡಿ ಕೆಲವರ ಮನೆಯಲ್ಲಿ ಏನೂ ಆಗದೆ ಓಡುತ್ತದೆ. ನನ್ನಲ್ಲಿ ಓಡಲಿಲ್ಲ.

ಜನವರಿ 4, ಭಾನುವಾರ

2666ರಲ್ಲಿಯೇ ಇರಲಿ ಎಂದು ಎರಡು ದಿನ ಸುಮ್ಮನಿದ್ದೆ. ಆಮೇಲೆ ಗ್ರಾಫಿಕ್ಸಿಗೂ ಇದೇ ರ‍್ಯಾಮ್ ಎಂಬುದು ತಲೆಗೆ ಕುಟುಕಿತು. ಈ ಸಲ ಬೋರ್ಡ್ ಕಂಪನಿಯ ಕ್ಯೂವಿಎಲ್ ಪಟ್ಟಿಯನ್ನು, ಅಂದರೆ ಅವರೇ ಪರೀಕ್ಷೆ ಮಾಡಿದ ರ‍್ಯಾಮ್‌ಗಳ ಪಟ್ಟಿಯನ್ನು, ಸರಿಯಾಗಿ ಓದಿದೆ. ಅದರಲ್ಲಿ ಪ್ರೊಸೆಸರ್ ತಲೆಮಾರಿಗೆ ಬೇರೆ ಬೇರೆ ಪಟ್ಟಿ ಉಂಟು, 5600ಜಿ ಗುಂಪಿನದ್ದನ್ನೇ ನೋಡಬೇಕು. ಎಷ್ಟು ಸ್ಟಿಕ್ ಹಾಕಿ ಪರೀಕ್ಷಿಸಿದ್ದಾರೆ ಎಂಬ ಕಾಲಂ ಕೂಡ ಉಂಟು. ಪಟ್ಟಿಯಲ್ಲಿ ಇಲ್ಲದ್ದು ಓಡುವುದೇ ಇಲ್ಲ ಎಂದಲ್ಲ, ಮಾರುಕಟ್ಟೆಗೆ ಬಂದದ್ದನ್ನೆಲ್ಲ ಯಾರೂ ಪರೀಕ್ಷೆ ಮಾಡುವುದಿಲ್ಲ. ಇದ್ದರೆ ಧೈರ್ಯ, ಅಷ್ಟೇ. ಮೂರು ಮಾಡೆಲ್ ನಂಬರುಗಳನ್ನು ಕೊನೆಯ ಅಕ್ಷರದ ತನಕ ಚೀಟಿಯಲ್ಲಿ ಬರೆದುಕೊಂಡೆ.

ಜನವರಿ 10, ಶನಿವಾರ

ಕೃಷ್ಣಮಠದ ಪರ್ಯಾಯಕ್ಕೆ ಇನ್ನು ಒಂದೇ ವಾರ. ಉಡುಪಿ ಪೇಟೆ ತುಂಬ ಗಡಿಬಿಡಿ, ಬಸ್ಸು ಕಲ್ಸಂಕ ದಾಟುವಷ್ಟರಲ್ಲಿ ಅರ್ಧ ನಿದ್ದೆ ಆಗಿತ್ತು. ಮಂಗಳೂರಿನ ಅಂಗಡಿಯವರು ಚೀಟಿ ನೋಡಿ ನಕ್ಕರು. "ಈಗ ಜೋಡಿ ಬೇಕಾಯಿತಾ?" ಹೊಸ ಸ್ಟಿಕ್ ವಾಪಸ್ ತಗೊಂಡು, ಮೇಲಿನ ದುಡ್ಡು ಇಸಕೊಂಡು, ಒಂದೇ ಪ್ಯಾಕೆಟ್ಟಿನ 16ರ ಎರಡು ಕೊಟ್ಟರು. ಬಿಲ್ ಇಟ್ಟುಕೊಳ್ಳಲಿಕ್ಕೆ ಹೇಳಿದ್ದು ಯಾಕೆ ಎಂದು ಈಗ ಅರ್ಥ ಆಯಿತು.

ಎಕ್ಸ್‌ಎಂಪಿ ಆನ್, ಮೆಮ್‌ಟೆಸ್ಟ್ ನಾಲ್ಕು ಸುತ್ತು, ತಪ್ಪು ಸೊನ್ನೆ. ಅದೇ ಫೈಲನ್ನು ಹತ್ತು ಸಲ ಕಾಪಿ ಮಾಡಿದೆ, ಹತ್ತೂ ಒಂದೇ.

ಸಿಸ್ಟಮ್ 32ರ ಬದಲು ಸುಮಾರು 30 ಜಿಬಿ ತೋರಿಸುತ್ತದೆ. ಅಕ್ಕನ ಮಗ "ಮಾಮ, ನಿಮಗೆ ಮೋಸ ಆಗಿದೆ" ಎಂದ. 2 ಜಿಬಿಯನ್ನು ಗ್ರಾಫಿಕ್ಸಿಗೆ ನಾನೇ ಬಯಾಸ್‌ನಲ್ಲಿ ಕೊಟ್ಟದ್ದು. ಮಣಿಪಾಲದ ಸ್ಟಿಕ್ ಡ್ರಾಯರಿನಲ್ಲಿ ಉಂಟು. ಅದನ್ನೂ ಮೂರನೆಯದಾಗಿ ಹಾಕುವ ಎನ್ನುತ್ತಾನೆ ಅವನು. ಡ್ರಾಯರಿನ ಕೀ ನನ್ನ ಹತ್ತಿರ ಉಂಟು.